ರಾಜಕೀಯ ದೇಣಿಗೆ: ದಾನಿಯ ಹೆಸರಿನ ಪ್ರಶ್ನೆ

ಮಧ್ಯಕಾಲೀನ ಕನ್ನಡ ದಾನಶಾಸನಗಳಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು, ಕೊಟ್ಟ ವಸ್ತು, ದಾನದ ಉದ್ದೇಶ ಇವು ಸಾಮಾನ್ಯವಾಗಿ ದಾಖಲಾಗಿರುತ್ತವೆ. ವರ್ತಕ ಸಂಘಗಳ ದತ್ತಿಗಳೂ ಇದಕ್ಕೆ ಹೊರತಲ್ಲ. ಆ ದತ್ತಿಗೂ ಇಂದಿನ ಪಕ್ಷನಿಧಿಗೂ ಉದ್ದೇಶದಲ್ಲಿ ಸಾಮ್ಯವಿಲ್ಲ; ಆದರೆ ದಾನಿಯ ಹೆಸರು ಬಹಿರಂಗವಾಗಿರಬೇಕೆ ಎಂಬುದು ಎರಡಕ್ಕೂ ಕೇಳಬಹುದಾದ ಪ್ರಶ್ನೆ.

ಸ್ವತಂತ್ರ ಭಾರತದಲ್ಲಿ ಈ ವಿಷಯ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ 1957ರಲ್ಲಿಯೇ ಚರ್ಚೆಗೆ ಬಂದಿತು. ಪಕ್ಷಗಳಿಗೆ ಹಣ ನೀಡಲು ಅವಕಾಶವಾಗುವಂತೆ ಟಾಟಾ ಉಕ್ಕಿನ ಕಂಪನಿಯು ತನ್ನ ಮೆಮೊರಾಂಡಮ್ಮಿಗೆ ತಿದ್ದುಪಡಿ ಬಯಸಿತ್ತು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಚಾಗ್ಲಾ ಅವರು ಕಾನೂನಿನ ಅಡ್ಡಿಯನ್ನು ಕಾಣದೆ ಸಮ್ಮತಿಸಿದರು. ಆದರೆ ಈ ಪ್ರವೃತ್ತಿ ಬೆಳೆದರೆ ಪ್ರಜಾಪ್ರಭುತ್ವದ ಉಸಿರು ಕಟ್ಟೀತೆಂದು ಎಚ್ಚರಿಸಿದರು.

ಅನಂತರದ ಶಾಸನಕ್ರಮ ಏಕಮುಖವಾಗಿಲ್ಲ. 1960ರಲ್ಲಿ ದೇಣಿಗೆಗೆ ಮಿತಿ ವಿಧಿಸಲಾಯಿತು. 1969ರಲ್ಲಿ ಸಂಪೂರ್ಣ ನಿಷೇಧ ಬಂದಿತು. ಆದರೆ ಪಕ್ಷಗಳಿಗೆ ಚುನಾವಣಾವೆಚ್ಚದ ಪರ್ಯಾಯ ಮಾರ್ಗವನ್ನು ಒದಗಿಸಲಿಲ್ಲ. ಫಲವಾಗಿ, ಹಣ ನಿಲ್ಲದೆ ಲೆಕ್ಕಪುಸ್ತಕದಿಂದ ಮರೆಯಾಯಿತು. 1985ರಲ್ಲಿ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 5ರವರೆಗೆ ಮತ್ತೆ ಅನುಮತಿ ದೊರೆಯಿತು; 2013ರ ಕಾಯಿದೆ ಅದನ್ನು ಶೇಕಡಾ 7.5ಕ್ಕೆ ಏರಿಸಿತು.

2017ರ ಹಣಕಾಸು ಕಾಯಿದೆಯು ಈ ಮಿತಿಯನ್ನೇ ತೆಗೆದುಹಾಕಿತು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡಿನಲ್ಲಿ ದಾನಿಯ ಹೆಸರಿರಲಿಲ್ಲ. ಮಾರಿದ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಮಾತ್ರ ಅದರ ದಾಖಲೆಯಿತ್ತು. ಗೋಪ್ಯತೆಯ ಮರ್ಮ ಇಲ್ಲಿದೆ. ಹಣ ಕೊಟ್ಟವನು ತನ್ನ ಗುರುತನ್ನು ಪಕ್ಷಕ್ಕೆ ತಾನೇ ತಿಳಿಸಬಹುದು. ತಿಳಿಯದೆ ಉಳಿಯುವವನು ಮತದಾರನೊಬ್ಬನೇ. ಪರವಾನಗಿ, ಗುತ್ತಿಗೆ, ತೆರಿಗೆ ವಿನಾಯಿತಿಗಳಿಗೂ ದೇಣಿಗೆಗೂ ನಂಟಿದೆಯೇ ಎಂದು ಪರಿಶೀಲಿಸುವ ದಾರಿಯೇ ಅವನಿಗೆ ಮುಚ್ಚುತ್ತದೆ.

2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಈ ಯೋಜನೆಯನ್ನೂ ಮಿತಿರಹಿತ ದೇಣಿಗೆಯನ್ನೂ ಅಸಾಂವಿಧಾನಿಕವೆಂದು ಸಾರಿತು. ಮತದಾರನ ತಿಳಿಯುವ ಹಕ್ಕನ್ನು ಎತ್ತಿಹಿಡಿದು, ವಿವರಗಳನ್ನು ಪ್ರಕಟಿಸಲು ಆಜ್ಞಾಪಿಸಿತು. 2019ರ ಏಪ್ರಿಲ್‌ನಿಂದ ತೀರ್ಪಿನ ದಿನದವರೆಗೆ 22,217 ಬಾಂಡುಗಳು ಮಾರಾಟವಾಗಿದ್ದವೆಂದು ಬ್ಯಾಂಕು ನ್ಯಾಯಾಲಯಕ್ಕೆ ತಿಳಿಸಿತು.

ಬಾಂಡು ಹೋದರೂ ಪ್ರಶ್ನೆ ಉಳಿದಿದೆ. 20,000 ರೂಪಾಯಿ ಮೀರದ ದೇಣಿಗೆಗಳ ದಾನಿಗಳ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ನೀಡಬೇಕಾಗಿಲ್ಲ. ಚುನಾವಣಾ ಟ್ರಸ್ಟುಗಳ ಮೂಲಕ ಬಂದ ಹಣದಲ್ಲಿ ಯಾವ ಕಂಪನಿಯದು ಯಾವ ಪಕ್ಷಕ್ಕೆ ಸಂದಿತೆಂದು ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ ದೇಣಿಗೆಯ ಮೊತ್ತವನ್ನು ಮಾತ್ರ ಅಳೆಯುವ ಅಧ್ಯಯನ ಅಪೂರ್ಣ. ಯಾರಿಂದ, ಯಾರಿಗೆ, ಯಾವ ನಿರ್ಧಾರದ ಹಿಂದುಮುಂದಿನಲ್ಲಿ ಎಂಬುದನ್ನು ಜೊತೆಜೊತೆಯಾಗಿ ಓದಬೇಕು. ಶಾಸನವನ್ನು ಓದುವ ಕ್ರಮವೂ ಇದೇ ಆಗಿದೆ.