ಬಾಡಿಗೆ ಮಿಷನ್ ರೇಟು: ಕೂಲಿ ಏರಿದರೂ ಕೈ ಕಚ್ಚದ ಲೆಕ್ಕ

ಕುದಾಪುರದ ಸುತ್ತಮುತ್ತ ಮುಂಗಾರಿನ ಶೇಂಗಾ ಎಲ್ಲರ ಹೊಲದಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಕೀಳೋಕೆ ಬರುತ್ತೆ. ಆಗ ಆಳು ಸಿಗೋದೇ ಕಷ್ಟ. ನನ್ನ ಹತ್ರ ಟ್ರ್ಯಾಕ್ಟರ್ ಜೊತೆ ಶೇಂಗಾ ಬಿಡಿಸೋ ಮಿಷನ್ ಇದೆ. ಆಳುಗಳನ್ನೂ ನಾನೇ ಕರ್ಕೊಂಡು ಹೋಗಿ, ಚೀಲದ ಲೆಕ್ಕದಲ್ಲಿ ಬಾಡಿಗೆ ಕೆಲಸ ಮಾಡ್ತೀನಿ.

ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಪಕ್ಕದಲ್ಲೇ ಇದ್ರೂ ನನ್ನ ಲೆಕ್ಕ ಡೀಸೆಲ್ ಚೀಟಿ ಹಿಂದೆಯೇ ನಡೀತಿತ್ತು. ಹೋದ ವರ್ಷ ಹಂಗಾಮಿಗೆ ಮುಂಚೆನೇ ಒಬ್ಬ ರೈತರಿಗೆ "ಚೀಲಕ್ಕೆ 110 ರೂಪಾಯಿ ಅಣ್ಣ" ಅಂದುಬಿಟ್ಟೆ. ಆಗ ಕೂಲಿ 400 ಇತ್ತು. ಕೆಲಸದ ದಿನ 600 ಅನ್ನದೆ ಯಾರೂ ಗಾಡಿ ಹತ್ತಲಿಲ್ಲ. ಕೊಟ್ಟ ಮಾತು ತಪ್ಪೋಕಾಗಲ್ಲ. ಐದು ದಿನ, 300 ಚೀಲ ಬಿಡಿಸಿದೆ. ಸವಕಳಿ, ನನ್ನ ಡ್ರೈವರ್ ಕೂಲಿ ಎಲ್ಲ ಸೇರಿಸಿ ನೋಡಿದ್ರೆ 1,500 ರೂಪಾಯಿ ನಷ್ಟ!

ಅವತ್ತೇ ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ತೆರೆದೆ. 'ಎ' ಕಾಲಂನಲ್ಲಿ ಹೆಸರು, 'ಬಿ' ಕಾಲಂನಲ್ಲಿ ಅಂಕಿ:

ಬಿ1 – ಇವತ್ತಿನ ಕೂಲಿ: 400
ಬಿ2 – ಆಳು: 6
ಬಿ3 – ಡೀಸೆಲ್ (20 ಲೀಟರ್, 90ರಂತೆ): 1,800
ಬಿ4 – ಸವಕಳಿ 900, ಡ್ರೈವರ್ 600: 1,500
ಬಿ5 – ದಿನಕ್ಕೆ ಚೀಲ: 60
ಬಿ6 – ಚೀಲಕ್ಕೆ ಲಾಭ: 15

ಬಿ7ರಲ್ಲಿ ಈ ಸೂತ್ರ: =(ಬಿ1*ಬಿ2+ಬಿ3+ಬಿ4)/ಬಿ5+ಬಿ6. 'ಬಿ' ಅಕ್ಷರವನ್ನ ಇಂಗ್ಲಿಷ್‌ನಲ್ಲೇ ಒತ್ತಿ, ಅಂಕಿಯಲ್ಲಿ ಅಲ್ಪವಿರಾಮ ಹಾಕಬೇಡಿ. ಉತ್ತರ 110 ಬರುತ್ತೆ. ಬಿ1ರಲ್ಲಿ 600 ಹಾಕಿ ನೋಡಿ, 130 ಆಗುತ್ತೆ. ಕೂಲಿಯನ್ನ ಬೇರೆ ಮನೆಯಲ್ಲಿ ಇಟ್ಟಿದ್ದಕ್ಕೇ ಈ ಅನುಕೂಲ. ಅದೊಂದನ್ನ ಬದಲಿಸಿದ್ರೆ ಸಾಕು.

ಇದರಿಂದ ಒಂದು ಸುಲಭ ಸೂತ್ರವೂ ಸಿಕ್ತು. ಕೂಲಿ 50 ರೂಪಾಯಿ ಏರಿದ್ರೆ ಆರು ಆಳಿಗೆ 300; ಅದನ್ನ 60 ಚೀಲಕ್ಕೆ ಹಂಚಿದ್ರೆ ಚೀಲಕ್ಕೆ 5 ರೂಪಾಯಿ. ಈಗ ಮಾತುಕತೆಯಲ್ಲೇ ಹೇಳ್ತೀನಿ: "ಕೂಲಿ 400 ಇದ್ರೆ 110. ಪ್ರತಿ 50ಕ್ಕೆ 5 ರೂಪಾಯಿ ಹೆಚ್ಚು." ಅದನ್ನೇ ವಾಟ್ಸಾಪ್‌ನಲ್ಲೂ ಕಳಿಸಿಬಿಡ್ತೀನಿ.

ಒಂದು ಎಚ್ಚರ. ಮಳೆ ಕೈಕೊಟ್ಟು ಕಾಯಿ ಕಡಿಮೆ ಇದ್ರೆ ದಿನಕ್ಕೆ 60 ಚೀಲ ಆಗಲ್ಲ. ಖರ್ಚು ಅಷ್ಟೇ ಇದ್ದು ಬಿ5ರಲ್ಲಿ 40 ಹಾಕಿದ್ರೆ ರೇಟು 157 ದಾಟುತ್ತೆ. ಅಂಥ ಹೊಲಕ್ಕೆ ಗಂಟೆ ಲೆಕ್ಕ ಮಾತಾಡಿ. ದಿನದ ಖರ್ಚು 5,700, ಲಾಭ 900. ಎಂಟು ಗಂಟೆಗೆ ಹಂಚಿದ್ರೆ ಗಂಟೆಗೆ 825. ಹೊಲ ನೋಡದೆ ಮಾತ್ರ ರೇಟು ಹೇಳಬೇಡಿ.

ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ರೆ ಕಷ್ಟ, ಶೀಟನ್ನ ಮನೆಯಲ್ಲೇ ಆಫ್‌ಲೈನ್ ಮಾಡಿಟ್ಕೊಳ್ಳಿ. ನಿಮ್ಮ ಊರಿನ ಕೂಲಿ, ನಿಮ್ಮ ಮಿಷನ್ ಕುಡಿಯೋ ಡೀಸೆಲ್ ಎಷ್ಟೋ ಅಷ್ಟನ್ನೇ ತುಂಬಿ. ನನ್ನ ಅಂಕಿ ಬರೀ ಉದಾಹರಣೆ.

ಈ ವರ್ಷ ಅದೇ ರೈತರಿಗೆ ಶೀಟ್ ತೋರಿಸಿದೆ. "ಕೂಲಿ ಇಳಿದ್ರೆ ರೇಟೂ ಇಳಿಸ್ತೀಯೇನಪ್ಪಾ?" ಅಂದ್ರು. "ಇಳಿಸ್ತೀನಿ ಅಣ್ಣ, ಲೆಕ್ಕ ಎರಡೂ ಕಡೆಗೆ ಒಂದೇ" ಅಂದೆ. ಮರುಮಾತಾಡದೆ ಒಪ್ಕೊಂಡ್ರು.