ಠಾಣೆಯ ಲಾಕಪ್ಪಿನೊಳಗೆ ಹೋಗಿ ನೋಡುವವರು ಯಾರು?

ಆಗಸ್ಟ್ ತಿಂಗಳ ಎರಡನೇ ಭಾನುವಾರವನ್ನು ನಮ್ಮ ಚರ್ಚುಗಳಲ್ಲಿ ಕಾರಾಗೃಹ ಸೇವೆಯ ಭಾನುವಾರವೆಂದು ಆಚರಿಸಲಾಗುತ್ತದೆ. ಸೆರೆಯಲ್ಲಿರುವವರನ್ನು ಭೇಟಿ ಮಾಡುವುದು ಕರುಣೆಯ ಕಾರ್ಯಗಳಲ್ಲೊಂದು ಎಂದು ಕ್ರೈಸ್ತ ಶಿಕ್ಷಣದ ತರಗತಿಯಲ್ಲೇ ನಾವೆಲ್ಲ ಕಲಿತವರು. 1981ರಲ್ಲಿ ಕೇರಳದ ಇಬ್ಬರು ಗುರುವಿದ್ಯಾರ್ಥಿಗಳು ಆರಂಭಿಸಿದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾದ ಸ್ವಯಂಸೇವಕರು ಇಂದು ದೇಶದ ಅನೇಕ ಜೈಲುಗಳಿಗೆ ಹೋಗಿಬರುತ್ತಾರೆ. ಆದರೆ ಈ ಸೇವೆ ನಡೆಯುವುದು ಜೈಲಿನಲ್ಲಿ. ಅದಕ್ಕೂ ಮೊದಲು ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿ ಕಳೆಯುವ ಗಂಟೆಗಳ ಬಗ್ಗೆ ನಾವು ಅಷ್ಟಾಗಿ ಯೋಚಿಸಿಲ್ಲ.

ಯೋಚಿಸಬೇಕಾದ ಕಾರಣವಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಓದಿಗೂ ಕೆಲಸಕ್ಕೂ ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ. ನಗರಗಳಲ್ಲಿ ಬಾಡಿಗೆ ಕೋಣೆ, ಪಿ.ಜಿ.ಗಳಲ್ಲಿ ಇದ್ದಾರೆ. ಆರ್.ಟಿ. ನಗರಕ್ಕೆ ಸಮೀಪದ ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೋ ದೇಶದ ಯುವಕನೊಬ್ಬ 2021ರ ಆಗಸ್ಟ್ 2ರಂದು ಮೃತಪಟ್ಟ. ಮಾದಕ ವಸ್ತುವಿನ ಪ್ರಕರಣದಲ್ಲಿ ಅವನನ್ನು ಹಿಡಿಯಲಾಗಿತ್ತು. ಎದೆನೋವು ಬಂದು ಹೃದಯ ನಿಂತಿತು ಎಂದು ಪೊಲೀಸರು ಹೇಳಿದರು. ಹೊಡೆತದಿಂದ ಸತ್ತ ಎಂದು ಗೆಳೆಯರು ಆರೋಪಿಸಿದರು. ಠಾಣೆಯೆದುರು ಪ್ರತಿಭಟನೆ, ಲಾಠಿ ಪ್ರಹಾರ ನಡೆದು ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. ಯಾರ ಮಾತು ಸರಿ ಎಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆ ರಾತ್ರಿ ಪೊಲೀಸರಲ್ಲದ ಒಬ್ಬರು ಒಳಗೆ ಹೋಗಿ ಅವನನ್ನು ಮಾತನಾಡಿಸಿದ್ದರೆ ಎರಡೂ ಕಡೆಯವರಿಗೆ ಒಂದು ಸಾಕ್ಷಿ ಇರುತ್ತಿತ್ತು ಎಂಬುದಷ್ಟೇ ನಮ್ಮ ಮಾತು. ಪ್ರಾಮಾಣಿಕ ಪೊಲೀಸರಿಗೂ ಅದರಿಂದ ರಕ್ಷಣೆಯೇ.

ಇಂಗ್ಲೆಂಡಿನಲ್ಲಿ ಇಂಥ ವ್ಯವಸ್ಥೆ ಇದೆ. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಗಲಭೆಯ ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್, ಪೊಲೀಸರಲ್ಲದವರು ಠಾಣೆಗಳಿಗೆ ಹೋಗಿ ಪರಿಶೀಲಿಸಬೇಕೆಂದು ಸಲಹೆಯಿತ್ತರು. 2002ರ ಪೊಲೀಸ್ ಸುಧಾರಣಾ ಕಾಯಿದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಈ ಸ್ವಯಂಸೇವಕರು ಸಾಮಾನ್ಯ ನಾಗರಿಕರೇ. ಇಬ್ಬಿಬ್ಬರಾಗಿ, ಮುನ್ಸೂಚನೆ ಕೊಡದೆ ಹೋಗುತ್ತಾರೆ. ಬಾಗಿಲಲ್ಲಿ ಕಾಯಿಸಿದರೆ ಕಾರಣ ಹೇಳಬೇಕಾಗುತ್ತದೆ. ಬಂಧಿತ ಒಪ್ಪಿದರೆ ಅವನೊಡನೆ ಮಾತನಾಡುತ್ತಾರೆ. ಏನು ತಪ್ಪು ಮಾಡಿದೆ ಎಂದು ಮಾತ್ರ ಕೇಳುವುದಿಲ್ಲ. ಊಟ ಸಿಕ್ಕಿತೇ, ಹೊದಿಕೆ ಇದೆಯೇ, ಔಷಧಿ ತೆಗೆದುಕೊಂಡೆಯಾ, ಮನೆಗೆ ತಿಳಿಸಿದರೇ - ಇಷ್ಟೇ. ಕಂಡದ್ದನ್ನು ಬರೆದು ಕೊಡುತ್ತಾರೆ.

ನಮ್ಮಲ್ಲಿ ಜೈಲುಗಳಿಗೆ ಅನಧಿಕೃತ ಸಂದರ್ಶಕರು, ಅಂದರೆ ಸರಕಾರಿ ಹುದ್ದೆಯಲ್ಲಿಲ್ಲದ ನಾಗರಿಕರನ್ನು ನೇಮಿಸುವ ಪದ್ಧತಿ ಹಳೆಯದು. ಡಿ.ಕೆ. ಬಸು ಪ್ರಕರಣದಲ್ಲಿ 2015ರ ಜುಲೈಯಲ್ಲಿ ನೀಡಿದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಠಾಣೆಗಳಿಗೂ ಅಂಥವರನ್ನು ನೇಮಿಸುವ ವಿಷಯವನ್ನು ರಾಜ್ಯ ಸರಕಾರಗಳು ಪರಿಗಣಿಸಬೇಕೆಂದು ಹೇಳಿತು. ಪರಿಗಣಿಸುವುದು ಬೇರೆ, ನೇಮಿಸುವುದು ಬೇರೆ. ಠಾಣೆಗಳ ಮಟ್ಟಿಗೆ ಈ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ.

ಹಾಗೆಂದು ನೆರೆಮನೆಯವರಿಗೆ ಕಾನೂನಿನಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಇದೇ ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಬಂದ ಮೊದಲ ತೀರ್ಪಿನ ಮುಖ್ಯ ಅಂಶಗಳು ಈಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. ಬಂಧಿಸುವಾಗ ಪೊಲೀಸರು ಬಂಧನ ಪತ್ರ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು, ಇಲ್ಲವೇ ಆ ಸ್ಥಳದ ಗೌರವಸ್ಥ ವ್ಯಕ್ತಿಯೊಬ್ಬರು ಸಾಕ್ಷಿ ಸಹಿ ಹಾಕಬೇಕು. ಬಂಧಿತನು ತನ್ನ ಸಂಬಂಧಿಕರು, ಗೆಳೆಯರು ಅಥವಾ ತಾನು ಹೆಸರಿಸುವ ಬೇರೊಬ್ಬರಿಗೆ ವಿಷಯ ತಿಳಿಸುವಂತೆ ಕೇಳಬಹುದು. ಅಂದರೆ ಮಂಗಳೂರಿನಿಂದ ಅಪ್ಪ ಅಮ್ಮ ರಾತ್ರಿ ಬಸ್ಸಿನಲ್ಲಿ ಬಂದು ಮುಟ್ಟುವ ಮೊದಲೇ ಹೆಬ್ಬಾಳದ ಚರ್ಚಿನ ಗುರುಗಳೋ ವಾಳೆಯ ಗುರಿಕಾರರೋ ಠಾಣೆಗೆ ಹೋಗಿ ವಿಚಾರಿಸುವುದಕ್ಕೆ ಅವಕಾಶವಿದೆ. ಹೋದವರು ಜಗಳ ಕಾಯಬೇಕಾಗಿಲ್ಲ. ಬಂಧನದ ಹೊತ್ತು ಎಷ್ಟು, ಯಾವ ಪ್ರಕರಣ, ವೈದ್ಯರ ತಪಾಸಣೆ ಆಯಿತೇ ಎಂದು ಮರ್ಯಾದೆಯಿಂದ ಕೇಳಿ ಬರೆದುಕೊಂಡರೆ ಸಾಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣುವ ಹಕ್ಕು ಬಂಧಿತನಿಗಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು. ಹದಿನೆಂಟು ತುಂಬದ ಮಕ್ಕಳನ್ನಂತೂ ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ.

ಮನುಷ್ಯರ ಬದಲು ಈಗ ಹೆಚ್ಚು ಮಾತು ಕೇಳಿಬರುವುದು ಕ್ಯಾಮೆರಾಗಳ ಬಗ್ಗೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆಗಳಲ್ಲೆಲ್ಲ ದೃಶ್ಯದ ಜೊತೆ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕೆಂದು ಆದೇಶಿಸಿತು. ಅವು ಕೆಲಸ ಮಾಡುತ್ತಿಲ್ಲವೆಂಬ ವರದಿಗಳನ್ನು ಕಂಡು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ತಾನಾಗಿಯೇ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ಕ್ಯಾಮೆರಾ ಕೆಟ್ಟು ಕೂರಬಹುದು. ಊಟ ಮಾಡಿದೆಯಾ ಎಂದು ಅದು ಕೇಳುವುದೂ ಇಲ್ಲ.

ಆದರೂ ಅದರ ಉಪಯೋಗವಿದೆ. ಠಾಣೆಯಲ್ಲಿ ಪೆಟ್ಟು ಬಿದ್ದಿದೆ ಎಂದಾದರೆ ಮೊದಲು ಮ್ಯಾಜಿಸ್ಟ್ರೇಟರಿಗೇ ಹೇಳಬೇಕು, ವೈದ್ಯರ ಚೀಟಿ ಜೋಪಾನ ಮಾಡಬೇಕು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ಗಂಭೀರ ಗಾಯ ಅಥವಾ ಸಾವಿನ ದೂರಿನಲ್ಲಿ ಆಯೋಗವು ಠಾಣೆಯ ದೃಶ್ಯಗಳನ್ನು ತರಿಸಿಕೊಳ್ಳಬಹುದು. ನ್ಯಾಯಾಲಯ ಅವುಗಳನ್ನು ಉಳಿಸಿಡಲು ಹೇಳಿರುವ ಅವಧಿ 18 ತಿಂಗಳು. ಆದ್ದರಿಂದ ದೂರಿನಲ್ಲಿ ದಿನಾಂಕ ಮತ್ತು ಗಂಟೆಯನ್ನು ಸ್ಪಷ್ಟವಾಗಿ ಬರೆದು, ಆ ದಿನದ ದೃಶ್ಯಗಳನ್ನು ಅಳಿಸದೆ ಇಡುವಂತೆ ಮೊದಲ ಪುಟದಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.