ಮಳಿಗೆ ಖರೀದಿ: ಸ್ವಾಧೀನಾನುಭವ ಪತ್ರದ ಹೊಣೆ ಯಾರದು?

ಮಳಿಗೆ ಅಥವಾ ಗೋದಾಮು ಕೊಳ್ಳುವ ವರ್ತಕರು ಕ್ರಯಪತ್ರ, ಖಾತೆಗಳನ್ನು ಪರಿಶೀಲಿಸಿ ತೃಪ್ತರಾಗುವುದುಂಟು. ಕಟ್ಟಡವು ಮಂಜೂರಾದ ನಕ್ಷೆಯಂತಿದ್ದು ಬಳಕೆಗೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ನೀಡುವ ಸ್ವಾಧೀನಾನುಭವ ಪತ್ರವನ್ನು (ಓ.ಸಿ.) ಯಾರು ತರಬೇಕೆಂಬುದು ಅನೇಕ ಕರಾರುಗಳಲ್ಲಿ ನಮೂದಾಗಿರುವುದಿಲ್ಲ.

ಈ ಲೋಪ ದುಬಾರಿಯಾದುದು. ಮುಂಬಯಿಯ ವಸತಿ ಸಹಕಾರ ಸಂಘವೊಂದರ ಸದಸ್ಯರು 1997ರಲ್ಲಿ ಸ್ವಾಧೀನ ಪಡೆದರೂ ಪತ್ರ ದೊರೆಯದೆ, ಶೇ. 25ರಷ್ಟು ಅಧಿಕ ಆಸ್ತಿ ತೆರಿಗೆ ಹಾಗೂ ಶೇ. 50ರಷ್ಟು ಅಧಿಕ ನೀರಿನ ಶುಲ್ಕ ತೆರಬೇಕಾಯಿತು. ಪತ್ರ ಒದಗಿಸದಿರುವುದು ಸೇವಾ ನ್ಯೂನತೆಯೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ತೀರ್ಪಿತ್ತಿತು. 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯವು, ಪತ್ರ ಹಾಜರುಪಡಿಸಿದ ನಂತರವೇ ವಿದ್ಯುತ್, ನೀರಿನ ಸಂಪರ್ಕ ನೀಡಬೇಕೆಂದೂ ಅನಧಿಕೃತ ಕಟ್ಟಡದಲ್ಲಿ ವ್ಯಾಪಾರ ಪರವಾನಗಿ ಕೊಡಬಾರದೆಂದೂ ನಿರ್ದೇಶಿಸಿತು.

ಹೊಸ ಯೋಜನೆಗಳಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 11ನೆಯ ಕಲಮಿನಂತೆ ಪತ್ರ ಪಡೆದು ಕೊಡುವ ಹೊಣೆ ಪ್ರವರ್ತಕರದು. ಕಾಯ್ದೆಯ ವ್ಯಾಖ್ಯೆಯಲ್ಲಿ ಅಂಗಡಿ, ಕಚೇರಿ, ಗೋದಾಮುಗಳೂ ಸೇರಿವೆ. ಪತ್ರ ದೊರೆತ ಎರಡು ತಿಂಗಳೊಳಗೆ ಸ್ವಾಧೀನ ಪಡೆಯುವುದು ಖರೀದಿದಾರರ ಕರ್ತವ್ಯ.

ಆದರೆ ಮರುಮಾರಾಟದಲ್ಲಿ ಮಾರುವವರು ಪ್ರವರ್ತಕರಲ್ಲ. ಅಲ್ಲಿ ಕರಾರೇ ಮುಖ್ಯ ಆಸರೆ. ಪತ್ರ ಈಗಾಗಲೇ ಇದ್ದರೆ ಅದರ ಪ್ರತಿಯನ್ನು ಸ್ಥಳೀಯ ಸಂಸ್ಥೆಯಲ್ಲಿ ತಾಳೆ ನೋಡುವುದು ಕ್ಷೇಮ. ಇಲ್ಲದಿದ್ದರೆ ಅದನ್ನು ಯಾರು, ಯಾವ ದಿನಾಂಕದೊಳಗೆ ತರಬೇಕು, ದಂಡ ಮತ್ತು ಶುಲ್ಕ ಯಾರದು, ಅಲ್ಲಿಯವರೆಗೆ ಎಷ್ಟು ಹಣ ತಡೆಹಿಡಿಯಬಹುದು, ತಪ್ಪಿದಲ್ಲಿ ಮುಂಗಡವನ್ನು ಬಡ್ಡಿಸಹಿತ ಹಿಂತಿರುಗಿಸುವ ಬಗೆ ಹೇಗೆ ಎಂಬಿವನ್ನು ಸಹಿಗೆ ಮುನ್ನವೇ ಬರೆಸಿಕೊಳ್ಳುವುದು ಉಚಿತ. ಪೂರ್ಣ ಹಣ ಸಂದಾಯವಾದ ಮೇಲೆ ಕೇಳುವ ಪತ್ರ ಸುಲಭವಾಗಿ ಕೈಗೆ ಬಾರದು.